ನಾನು ನೋಡದ ನೈರೋಬಿ

ಒಂದು ಊರಿಗೆ ಹೋಗಿ ಬಂದವನು ಅದರ ವಿಷಯ ಹತ್ತು ನಿಮಿಷ ಮಾತಾಡಿ ಸುಮ್ಮನಾಗುತ್ತಾನೆ. ಹೋಗದವನಿಗೆ ಅಂಥ ಮಿತಿ ಇರುವುದಿಲ್ಲ. ನಾನು ನೈರೋಬಿಯ ವಿಷಯ ನಲವತ್ತು ವರ್ಷ ಮಾತಾಡಿದ್ದೇನೆ.

ಅಜ್ಜಂಪುರದಲ್ಲಿ ನನ್ನನ್ನು ನೈರೋಬಿ ಚನ್ನಬಸಣ್ಣ ಎಂದೇ ಕರೆಯುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಸಿ ಬೋರ್‌ವೆಲ್ ಲಾರಿಯಲ್ಲಿ ಕೆಲಸಕ್ಕಿದ್ದಾಗ, ನಮ್ಮ ಮಾಲೀಕರು ಒಂದು ಮಷೀನನ್ನೂ ನಾಲ್ಕು ಜನರನ್ನೂ ನೈರೋಬಿಗೆ ಕಳಿಸುವುದೆಂದಾಯಿತು. ನಾನೂ ಒಬ್ಬ. ಊರಿನವರು ರೈಲ್ವೆ ಸ್ಟೇಷನ್ನಿಗೆ ಬಂದು ಶಾಲು ಹೊದಿಸಿ, ಹಾರ ಹಾಕಿ, ಭಾಷಣ ಮಾಡಿ ಬೀಳ್ಕೊಟ್ಟರು. ಮುಂಬಯಿಯಲ್ಲಿ ಡಾಕ್ಟರು ನನ್ನ ಕಿವಿಗೆ ಬ್ಯಾಟರಿ ಬಿಟ್ಟು ನೋಡಿ, ಮಷೀನಿನ ಸದ್ದಿಗೆ ಕಿವಿ ಕೆಟ್ಟಿದೆ, ಹೋಗುವಂತಿಲ್ಲ ಎಂದುಬಿಟ್ಟರು. ಹಾಕಿದ ಹಾರ ಬಾಡುವ ಮೊದಲೇ ಊರಿಗೆ ಯಾವ ಮುಖ ಹೊತ್ತು ಬರಲಿ? ಎರಡು ವರ್ಷ ಅಲ್ಲೇ ಒಂದು ಕ್ಯಾಂಟೀನಿನಲ್ಲಿ ಲೋಟ ತೊಳೆದು, ಆಮೇಲೆ 'ನೈರೋಬಿಯಿಂದ' ವಾಪಸಾದೆ. ಮಾಲೀಕರೂ ಜೊತೆಗಿದ್ದ ಮೂವರೂ ಸೇಲಂ ಕಡೆಯವರಾದ್ದರಿಂದ ಸಾಕ್ಷಿಯ ಭಯವಿರಲಿಲ್ಲ.

ನನ್ನ ನೈರೋಬಿಯಲ್ಲಿ ಬಿಸಿಲಿಗೆ ಚಪ್ಪಲಿ ಕರಗುತ್ತಿತ್ತು. ತರಕಾರಿ ಮಾರ್ಕೆಟ್ಟಿನಲ್ಲಿ ಸಿಂಹ ಓಡಾಡುತ್ತಿತ್ತು. ಒಂದಕ್ಕೆ ನಾನು ಸ್ಪ್ಯಾನರ್ ತೋರಿಸಿ ಗದರಿದ್ದೂ ಉಂಟು. ಮೊದಲ ವರ್ಷ ಆ ಸಿಂಹ ದೂರದಲ್ಲಿ ನಿಂತಿತ್ತು. ಕೇಳುವವರು ಹೆಚ್ಚಾದಂತೆ ಹತ್ತಿರ ಬಂತು.

ಈ ವರ್ಷ, ನರ್ಸಿಂಗ್ ಓದಿದ ಎದುರುಮನೆಯ ಕಾವ್ಯಳಿಗೆ ಅದೇ ನೈರೋಬಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಅವಳ ತಾಯಿ ಗೌರಮ್ಮ ಪಾಸ್‌ಪೋರ್ಟನ್ನು ರಾಗಿ ಮೂಟೆಯೊಳಗೆ ತೂರಿಸಿ ಅದರ ಮೇಲೆ ಕೂತಳು. "ನೈರೋಬಿ ಮಾವನೇ ಹೇಳಿಲ್ವೇನೇ? ಸಿಂಹದ ಬಾಯಿಗೆ ಹಾಕಕ್ಕೆ ನಿನ್ನ ಓದಿಸ್ದೆನಾ?"

ಕಾವ್ಯ ಫೋನು ಹಿಡಿದು ನನ್ನ ಜಗಲಿಗೆ ಬಂದಳು. "ತಾತ, ಆ ಊರು ಐದು ಸಾವಿರ ಅಡಿಗಿಂತ ಎತ್ತರದಲ್ಲಿದೆ. ಹೆಸರಿನ ಅರ್ಥಾನೇ ತಣ್ಣೀರಂತೆ. ಸ್ವೆಟರ್ ತಗೊಂಡ್ಬನ್ನಿ ಅಂತ ಆಸ್ಪತ್ರೆಯೋರೇ ಬರ್ದಿದಾರೆ. ನಿನ್ನ ಚಪ್ಪಲಿ ಎಲ್ ಕರಗ್ತೋ?"

ನಾನು ಕಿವಿ ಕೇಳದವನಂತೆ ಕೂತೆ. ಅವಳು ಬಿಡದೆ ಓದಿದಳು. ಮೊದಲು ಅಲ್ಲಿ ಬರೀ ಜೌಗು ನೆಲವಂತೆ. ಬ್ರಿಟಿಷರು ರೈಲು ಹಾಕುವಾಗ ಸಾಮಾನು ಇಡಲು ಅಲ್ಲಿ ಡೇರೆ ಹೊಡೆದರು. ಕಂಬಿ ಹಾಕಲು ನಮ್ಮ ದೇಶದ ಕೂಲಿಗಳೇ ಹೋದರು. ಆ ಡೇರೆ ಬೆಳೆದು ರಾಜಧಾನಿಯಾಯಿತು. ಈಗ ಚಹಾ, ಕಾಫಿ, ಹೂವಿನ ವ್ಯಾಪಾರ, ಬ್ಯಾಂಕುಗಳು, ಮುಗಿಲು ಮುಟ್ಟುವ ಆಫೀಸುಗಳು. ಅಂದರೆ ರೈಲಿನಿಂದ ಬೆಳೆದ ನಮ್ಮ ಬೀರೂರಿನ ದೊಡ್ಡಣ್ಣ! ಇದೆಲ್ಲ ಮೊದಲೇ ಗೊತ್ತಿದ್ದರೆ ಎಷ್ಟು ಸೊಗಸಾಗಿ ಸುಳ್ಳು ಹೇಳಬಹುದಿತ್ತು ಎಂದು ಹೊಟ್ಟೆ ಉರಿಯಿತು.

"ಊರ ಅಂಚಲ್ಲೇ ಒಂದು ಕಾಡಿದೆ ತಾತ, ಊರ ಕಡೆಗೆ ಬೇಲಿ ಹಾಕಿರೋದು. ಅದರೊಳಗೆ ಸಿಂಹ ಇದಾವೆ," ಎಂದು ದನಿ ತಗ್ಗಿಸಿದಳು. "ಇದೊಂದು ಅಮ್ಮಂಗೆ ಹೇಳ್ಬೇಡ. ನಾಡಿದ್ದು ನಾನು ಉತ್ತರ ಕೊಡ್ಬೇಕು. ನನ್ ಕೆಲ್ಸ ಹೋಗೋದು ನಿನ್ನಿಂದ ಕಣೋ ತಾತ." ಅವಳ ಕಣ್ಣು ತುಂಬಿತ್ತು.

ಎದ್ದು ಹೋಗಿ ರಾಗಿ ಮೂಟೆಯ ಮುಂದೆ ನಿಂತೆ. "ಗೌರಮ್ಮ, ನಾನು ಆ ಊರು ನೋಡೇ ಇಲ್ಲ ಕಣಮ್ಮ. ಮುಂಬೈನಲ್ಲಿ ಲೋಟ ತೊಳೀತಿದ್ದೆ."

ಅವಳು ಮೂಟೆಯ ಮೇಲಿಂದ ಎದ್ದೇಬಿಟ್ಟಳು. "ಥೂ, ಏನ್ ಮಾವ ನೀನು! ನಮ್ಮತ್ತೆ ಸಾಯೋವರ್ಗೂ ನಿನ್ನ ಸಿಂಹದ ಕತೆ ಕೇಳಿ ಕೈ ಮುಗೀತಿದ್ರಲ್ಲ! ಹಂಗಾದ್ರೆ ಅಲ್ಲಿ ಸಿಂಹಾನೇ ಇಲ್ವಾ?"

ನಲವತ್ತು ವರ್ಷದ ಮೇಲೆ ನಿಜ ಹೇಳಲು ತೆರೆದ ಬಾಯಿ. ಬಾಗಿಲ ಹಿಂದೆ ಕಾವ್ಯ ಉಸಿರು ಹಿಡಿದು ನಿಂತಿದ್ದಳು.

"ಒಂದೂ ಇಲ್ಲ ಕಣಮ್ಮ," ಅಂದೆ.

ಕಾವ್ಯ ಹೋಗಿ ಮೂರು ತಿಂಗಳಾಯಿತು. ಚನ್ನಬಸಣ್ಣ ಹುಟ್ಟಿದ ಮೇಲೆ ಮೊದಲ ಸಲ ನಿಜ ಹೇಳಿದ್ದು ತನ್ನ ಮುಂದೆಯೇ ಎಂದು ಗೌರಮ್ಮ ಊರೆಲ್ಲ ಹೆಮ್ಮೆಪಟ್ಟುಕೊಂಡು ಹೇಳುತ್ತಿದ್ದಾಳೆ. ಅವಳಿಗೆ ಓದುವ ಅಭ್ಯಾಸವಿಲ್ಲ ಎಂಬ ಧೈರ್ಯದ ಮೇಲೆ ಇದನ್ನು ಬರೆದಿದ್ದೇನೆ. ಅಜ್ಜಂಪುರದವರು ಯಾರಾದರೂ ಓದಿದರೆ, ದಯವಿಟ್ಟು ಮನಸ್ಸಿನಲ್ಲೇ ಓದಿಕೊಳ್ಳಿ.