ಸಾಕಿದ ಮರಿಗಳನ್ನು ಕಳಿಸುವ ಸಂಕಟ

ಮರಿ ಕೊಟ್ಟು ಕಳಿಸಿದಾಗಲೆಲ್ಲ ನಾನು ಏನಾದರೊಂದು ಫಜೀತಿ ಮಾಡಿಕೊಂಡೇ ತೀರುತ್ತೇನೆ. ಕುಷ್ಟಗಿಯಲ್ಲಿ ನಾನು ಶಾಲೆಯ ಟೀಚರ್. ತಾಯಿ ಇಲ್ಲದ ನಾಯಿಮರಿ, ಬೆಕ್ಕಿನಮರಿ ಕಂಡರೆ ಮನೆಗೆ ತರುತ್ತೇನೆ, ಹಾಲು ಹಾಕಿ ಬೆಳೆಸುತ್ತೇನೆ, ಒಳ್ಳೆಯ ಮನೆ ಸಿಕ್ಕರೆ ಕೊಡುತ್ತೇನೆ. ತರುವುದು ಸುಲಭ. ಕೊಟ್ಟ ಮೇಲೆ ಮಾತ್ರ ನನ್ನ ತಲೆ ನೆಟ್ಟಗಿರುವುದಿಲ್ಲ.

ಉಂಡಾನೇನ್ರಿ?

ರಾಜಾ ಎಂಬ ನಾಯಿಮರಿಯನ್ನು ತಾವರಗೇರಾದ ದಾಳಿಂಬೆ ತೋಟದವರೊಬ್ಬರಿಗೆ ಕೊಟ್ಟಿದ್ದೆ. ಮನಸ್ಸು ತಡೆಯದೆ ದಿನಾ ಅವರಿಗೆ ಫೋನ್ ಹಚ್ಚುತ್ತಿದ್ದೆ. ಒಂದು ಮುಂಜಾನೆ ಆ ಕಡೆ ಎತ್ತಿದ ಕೂಡಲೇ, "ನನ್ನ ರಾಜಾ ಉಂಡಾನೇನ್ರಿ? ಛಲೋ ಮಲಗಿದ್ನಾ?" ಎಂದೆ.

ಎತ್ತಿದ್ದು ಅವರ ಹೆಂಡತಿ. "ಯಾರ್ ರಾಜಾ? ನಮ್ಮನಿಯವರು ಉಂಡ್ರ ನಿನಗೇನಬೇ? ನೀ ಯಾರು?"

"ನಾಯಿರಿ," ಎಂದೆ ಗಾಬರಿಯಲ್ಲಿ.

ಬಿಡಿಸಿ ಹೇಳುವಷ್ಟರಲ್ಲಿ ಬೆವರು ಕಿತ್ತು ಬಂತು. ಎಲ್ಲ ಕೇಳಿಸಿಕೊಂಡ ಮೇಲೆ ಆಕೆ ಮೆತ್ತಗೆ ಹೇಳಿದರು: "ಟೀಚರ್, ನಾಳಿಂದ ನಾ ಉಂಡೀನೇನು ಅಂತನೂ ಒಂದ್ಮಾತು ಕೇಳ್ರಿ. ಈ ಮನ್ಯಾಗ ಕೇಳೋರೇ ಇಲ್ಲ."

ಗುಂಡ್ಯಾ ಹೋದ

ಗುಂಡ್ಯಾ ಎಂಬ ಮರಿಯನ್ನು ಇರಕಲ್ಲಗಡದವರು ಒಯ್ದ ದಿನ ಸ್ಟಾಫ್ ರೂಮಿನಲ್ಲಿ ಕುಳಿತು ಅಳುತ್ತಿದ್ದೆ. ಆಗಷ್ಟೇ ವರ್ಗವಾಗಿ ಬಂದ ಹೆಡ್‌ಮಾಸ್ತರರಿಗೆ ನನ್ನ ಮರಿಗಳ ವಿಷಯ ಗೊತ್ತಿರಲಿಲ್ಲ.

"ಏನಾತ್ರಿ ಟೀಚರ್?"

"ನಮ್ಮ ಗುಂಡ್ಯಾ ಹೋದ್ರಿ ಸರ್."

"ಅಯ್ಯ ಪಾಪ. ವಯಸ್ಸಾಗಿತ್ತೇನು?"

"ಇಲ್ರಿ, ಇನ್ನೂ ಹಾಲು ಕುಡಿಯೋ ಕೂಸು."

ಸರ್ ಕುರ್ಚಿಯಲ್ಲಿ ಕುಸಿದರು. ತಗ್ಗಿದ ದನಿಯಲ್ಲಿ, "ಮಣ್ಣು ಯಾವಾಗರಿ?" ಎಂದರು.

"ದಿನಾ ಸಂಜಿಕೆ ಮಣ್ಣಾಗ ಆಡಾಕ ಬಿಡ್ತೀವಿ ಅಂದಾರ್ರಿ. ಅಂಗಳ ದೊಡ್ಡದೈತಿ."

ಅವರು ನನ್ನನ್ನೇ ನೋಡಿದರು. ಹೊರಗೆ ಹೋಗಿ ನಮ್ಮ ಯಜಮಾನರಿಗೆ ಫೋನ್ ಮಾಡಿದರು. "ಟೀಚರ್‌ಗೆ ಭಾಳ ಆಘಾತ ಆಗೇತಿ, ಕರ್ಕೊಂಡು ಹೋಗ್ರಿ."

ಯಜಮಾನರು ಕೇಳಿದ್ದು ಒಂದೇ ಮಾತು: "ಇವತ್ತು ಯಾವ ಮರಿ ಕೊಟ್ಟಾಳ್ರಿ?"

ಅತ್ತೆಯ ಖರೇ ಮಾತು

ನಮ್ಮ ಅತ್ತೆಗೆ ಮರಿಗಳೆಂದರೆ ಆಗದು. ಒಕ್ಕಣ್ಣಿನ ಬೆಕ್ಕಿನಮರಿ ತಂದ ದಿನದಿಂದ, "ಇದನ್ನ ಲಗೂನ ದಾಟಿಸು" ಎಂದು ಗಂಟು ಬಿದ್ದಿದ್ದರು. ಕೊನೆಗೆ ಗಂಗಾವತಿಯಿಂದ ಗಂಡ ಹೆಂಡತಿ ಬಂದರು. ಮರಿ ಅವರಿಗೆ ಹಿಡಿಸಿತು. ಅತ್ತೆ ಚಹಾ ಕೊಟ್ಟು ಅವರ ಎದುರಿಗೇ ಕುಳಿತರು.

"ನೋಡ್ರಿ, ಆಮ್ಯಾಲ ನಮ್ಮನ್ನ ಅನಬ್ಯಾಡ್ರಿ. ಇದು ಶುದ್ಧ ಕಳ್ಳ. ಹಾಲು ಕದೀತೈತಿ, ಮೈ ಪರಚತೈತಿ, ಹಾಸಿಗ್ಯಾಗ ಹೊಲಸು ಮಾಡತೈತಿ."

ಬಂದವರು ಅರ್ಧ ಚಹಾ ಬಿಟ್ಟು, "ವಿಚಾರ ಮಾಡಿ ಹೇಳ್ತೀವ್ರಿ" ಎಂದು ಎದ್ದರು. ಅವರು ಚಪ್ಪಲಿ ಮೆಟ್ಟುವಷ್ಟರಲ್ಲಿ ಮರಿ ಅತ್ತೆಯ ಮಡಿಲು ಸೇರಿತ್ತು. ಅತ್ತೆ ಅದಕ್ಕೆ ಸೆರಗು ಹೊದಿಸಿದರು.

ಯಜಮಾನರಿಗೆ ನಗು, ಸಿಟ್ಟು ಎರಡೂ. "ಅವ್ವಾ, ಇದ್ದದ್ದೆಲ್ಲಾ ಅವರ ಮುಂದ ಹೇಳಿದ್ರ ಯಾರು ಒಯ್ತಾರ?"

"ಏನ್ ಮಾಡ್ಲೋ," ಎಂದರು ಅತ್ತೆ ನನ್ನ ಕಡೆ ನೋಡುತ್ತ, "ನಿನ್ನ ಲಗ್ನದಾಗ ಇದ್ದದ್ದೆಲ್ಲಾ ಮುಚ್ಚಿಟ್ಟೆ. ಈ ಹುಡುಗಿ ಮಾರಿ ನೋಡಿದ್ರ ಇವತ್ತಿಗೂ ಪಾಪ ಅನಸ್ತೈತಿ."