ಏಳನೇ ನಂಬರಿನ ಬಸವನಹುಳ

ಹಿತ್ತಲಿನ ಬಸವನಹುಳಗಳಿಗೆ ಇನ್ನು ಉಳಿಗಾಲವಿಲ್ಲ ಎಂದು ಪುಟ್ಟಿಯ ಅಮ್ಮ ಒಂದು ಸೋಮವಾರ ಬೆಳಿಗ್ಗೆ ತೀರ್ಮಾನಿಸಿಬಿಟ್ಟಳು. ಬಾಯಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ, ಬರೆದದ್ದು ಮಾತ್ರ ಉಳಿಯುತ್ತದೆ ಎಂಬುದು ಅವಳ ನಂಬಿಕೆ. ಹಾಗಾಗಿ ಒಂದು ಬಿಳಿ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ, "ಈ ಹಿತ್ತಲಿನಲ್ಲಿ ಬಸವನಹುಳದ ಸುಳಿವೂ ಇರಕೂಡದು" ಎಂದು ಬರೆದು ದಿನಚರಿಯ ರಟ್ಟಿನ ಮೇಲೆ ಅಂಟಿಸಿದಳು. ಅಂಗಡಿಯ ಗೋಂದಿನಿಂದಲ್ಲ, ಮನೆಯಲ್ಲೇ ಕುದಿಸಿದ ಮೈದಾ ಅಂಟಿನಿಂದ. ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುವವಳು ಅವಳು. ಆರು ವರ್ಷದಿಂದ ಸಾವಿರಾರು ಪುಸ್ತಕಗಳ ಬೆನ್ನಿಗೆ ಇದೇ ಅಂಟು ಬಳಿದು ನಂಬರ್ ಚೀಟಿ ಹಚ್ಚಿದ್ದಾಳೆ. ಒಂದೂ ಕಿತ್ತು ಬಂದದ್ದಿಲ್ಲ.

ಇಷ್ಟಕ್ಕೆಲ್ಲ ಕಾರಣ ಡುಮ್ಮ. ಮೂರು ತಿಂಗಳ ನಾಯಿಮರಿ. ಕಾಲಿಗಿಂತ ಹೊಟ್ಟೆ ಮುಂದೆ ಹೋಗುವ ಪ್ರಾಣಿ. ಕಣ್ಣಿಗೆ ಬಿದ್ದದ್ದನ್ನು ಮೊದಲು ಬಾಯಿಗೆ ಹಾಕಿಕೊಂಡು, ಅದು ಏನೆಂದು ಆಮೇಲೆ ಯೋಚಿಸುವುದು ಅವನ ಪದ್ಧತಿ. ಅವನಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಡಾಕ್ಟರಮ್ಮ ಎಚ್ಚರಿಸಿದ್ದರು. "ಹಿತ್ತಲಲ್ಲಿ ಬಸವನಹುಳ ಇದ್ರೆ ಜೋಪಾನ. ಚಿಪ್ಪಿಲ್ಲದ ಲೋಳೆಹುಳವೂ ಅಷ್ಟೇ. ಅದರ ಹೊಟ್ಟೇಲಿ ಬೇರೆ ಸಣ್ಣ ಹುಳದ ಮರಿ ಇರಬಹುದು. ನಾಯಿ ತಿಂದ್ರೆ ಅದು ಶ್ವಾಸಕೋಶಕ್ಕೆ ಹೋಗಿ ಕೂರುತ್ತೆ. ಮರಿ ಉಳಿಯೋದೇ ಕಷ್ಟ ಆಗ್ಬಹುದು."

ಆ ಮಾತು ಕೇಳಿದ ದಿನದಿಂದ ಅವಳಿಗೆ ಊಟ ರುಚಿಸಲಿಲ್ಲ. ಗೊಬ್ಬರದಂಗಡಿಯವನು ಬಸವನಹುಳ ಕೊಲ್ಲುವ ನೀಲಿ ಕಾಳಿನ ಡಬ್ಬಿ ಕೊಟ್ಟ. ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿದರೆ, ಹುಳಕ್ಕಿಂತ ಮೊದಲು ನಾಯಿಗೇ ಅಪಾಯ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಪೈಕಿಯವಳಲ್ಲ ಅವಳು; ಡಬ್ಬಿ ವಾಪಸ್ ಕೊಟ್ಟು ಬಂದಳು. ಬದಲಿಗೆ ಮೊಟ್ಟೆಯ ಸಿಪ್ಪೆ ಪುಡಿಮಾಡಿ ಗಿಡಗಳ ಸುತ್ತ ಬಿಳಿ ಕೋಟೆ ಕಟ್ಟಿದಳು. ದಿನಾ ಸಂಜೆ ರಬ್ಬರ್ ಕೈಗವಸು ಹಾಕಿಕೊಂಡು, ಸಿಕ್ಕ ಹುಳಗಳನ್ನೆಲ್ಲ ಬಕೆಟ್ಟಿಗೆ ತುಂಬಿ ಗೋಡೆಯಾಚೆಯ ಖಾಲಿ ಜಾಗಕ್ಕೆ ಬಿಟ್ಟು ಬರತೊಡಗಿದಳು. ನಿನ್ನೆ ಹನ್ನೊಂದು, ಇವತ್ತು ಹನ್ನೆರಡು. ಕಡಿಮೆಯಾಗುವ ಲಕ್ಷಣವೇ ಇಲ್ಲ.

"ಅವೇ ವಾಪಸ್ ಬರ್ತಿರ್ಬೇಕು ಕಣೇ" ಎಂದ ಗಂಡ. ಲಿಫ್ಟ್ ರಿಪೇರಿ ಅವನ ಕೆಲಸ. ಹೋದದ್ದು ವಾಪಸ್ ಬಂದೇ ಬರುತ್ತದೆ ಎಂಬುದರಲ್ಲಿ ಅವನಿಗೆ ಸಂಶಯವಿಲ್ಲ.

"ಅವೇ ಅಂತ ಹೇಗೆ ಹೇಳ್ತೀರಿ? ಗುರುತು ಬೇಡ್ವಾ?"

ಗುರುತು! ಲೈಬ್ರರಿಯವಳ ತಲೆಯಲ್ಲಿ ದೀಪ ಹೊತ್ತಿತು. ಮರುದಿನವೇ ಪ್ರತಿ ಚಿಪ್ಪಿನ ಮೇಲೂ ಕೆಂಪು ನೇಲ್ ಪಾಲಿಶ್‌ನಲ್ಲಿ ಒಂದೊಂದು ನಂಬರ್ ಬಿತ್ತು. ದಿನಚರಿಯಲ್ಲಿ ಹೋದ ದಿನ, ಬಂದ ದಿನ ಎಂದು ಎರಡು ಸಾಲು ಎಳೆದದ್ದೂ ಆಯಿತು.

ಗಂಡ ಬಗ್ಗಿ ನೋಡಿದ. "ಪುಸ್ತಕದ ಹಾಗೆ ಇವನ್ನೂ ಎರಡು ವಾರದ ಮೇಲೆ ಇಟ್ಕೊಳ್ಳೋ ಹಾಗಿಲ್ವೋ?"

"ನಗಿ, ನಗಿ. ಡುಮ್ಮ ಇವುಗಳಲ್ಲಿ ಒಂದನ್ನ ನುಂಗಿದ್ರೆ ಗೊತ್ತಾಗುತ್ತೆ."

ಅವನ ಮಾತೇ ನಿಜವಾಯಿತು. ವಾರದೊಳಗೆ ಐದು ಹುಳ ಮರಳಿ ಬಂದವು. ಏಳನೇ ನಂಬರಿನದಂತೂ ಮೂರು ಸಲ ಹೋಗಿ ಮೂರು ಸಲವೂ ಬಂತು. ಅವಳ ಓದುಗರಲ್ಲೂ ಇಷ್ಟು ನಿಯತ್ತಿನವರು ಇರಲಿಲ್ಲ. ನಾಲ್ಕು ವರ್ಷದ ಪುಟ್ಟಿ ಸಂಜೆಯಾದರೆ, "ಏಳು ಬಂತಾ ಅಮ್ಮಾ?" ಎಂದು ನೆಂಟರ ದಾರಿ ಕಾಯುವಂತೆ ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಶನಿವಾರ ಸಂಜೆ ಏಳು ನಾಲ್ಕನೇ ಬಾರಿ ಬಂತು. ಅದನ್ನು ಬಕೆಟ್ಟಿಗೆ ಹಾಕಿ, ದಿನಚರಿಯನ್ನು ಪಕ್ಕದ ನಲ್ಲಿಕಟ್ಟೆಯ ಮೇಲಿಟ್ಟು, ಒಲೆಯ ಮೇಲೆ ಹಾಲು ಉಕ್ಕುವ ಸದ್ದಿಗೆ ಅವಳು ಒಳಗೆ ಓಡಿದಳು. ಬಕೆಟ್ಟಿನ ಮುಚ್ಚಳ ಮರೆತೇಹೋಯಿತು. ಚೆಲ್ಲಿದ ಹಾಲು ಬಳಿದು ಒಲೆ ಒರೆಸಿ ಬರುವಷ್ಟರಲ್ಲಿ ಪುಟ್ಟಿ ಬಕೆಟ್ಟಿನೊಳಗೆ ತಲೆಹಾಕಿ ಕೂತಿದ್ದಳು.

"ಅಮ್ಮಾ, ಏಳು ಇಲ್ಲ."

ಅದೇ ಹೊತ್ತಿಗೆ ಹೂಕುಂಡದ ಹಿಂದಿನಿಂದ ಸದ್ದು: ಕಟುಂ, ಕಟುಂ.

ಅಮ್ಮ ಹಾರಿ ಹೋಗಿ ಡುಮ್ಮನ ದವಡೆ ಹಿಡಿದಳು. ಇದೇನೋ ಹೊಸ ಆಟ ಎಂದುಕೊಂಡ ಡುಮ್ಮ ಬಾಲ ಆಡಿಸುತ್ತ ಗುಳುಂ ಎಂದು ನುಂಗಿದ. ತುಟಿಯ ಅಂಚಿನಲ್ಲಿ ಚಿಪ್ಪಿನಂಥ ಒಂದು ಚೂರು ಉಳಿದಿತ್ತು.

ಬೆಳಗಿನ ಜಾವ ಇದೇ ಮರಿ ಅವಳ ಪಾದದ ಮೇಲೆ ಗಲ್ಲ ಇಟ್ಟು ಗೊರಕೆ ಹೊಡೆದಿತ್ತು. ಎಬ್ಬಿಸಲು ಮನಸ್ಸಾಗದೆ ಅರ್ಧ ಗಂಟೆ ಹಾಗೇ ಕೂತಿದ್ದಳು. "ಡುಮ್ಮಂಗೆ ಏನಾಗುತ್ತಮ್ಮಾ?" ಎಂದು ಪುಟ್ಟಿ ಸೆರಗು ಜಗ್ಗಿದಳು. "ಏನೂ ಆಗಲ್ಲ ಕಂದ, ಚಪ್ಪಲಿ ಹಾಕ್ಕೋ" ಎಂದವಳ ದನಿ ಅವಳಿಗೇ ಗುರುತು ಸಿಗಲಿಲ್ಲ. ಡಾಕ್ಟರು ಕೇಳಿದರೆ ದಾಖಲೆ ಇರಲಿ ಎಂದು ಕಟ್ಟೆಯ ಮೇಲಿನ ದಿನಚರಿಯನ್ನು ನೋಡದೆ ಬಾಚಿ ಚೀಲಕ್ಕೆ ತುರುಕಿದಳು. ಕೈಗೆ ತಣ್ಣಗೆ ಏನೋ ತಾಕಿತು. ಕಟ್ಟೆ ಒದ್ದೆಯಲ್ಲವೇ ಎಂದುಕೊಂಡಳು.

ಗಂಡ, ಪುಟ್ಟಿ, ಡುಮ್ಮನ ಸಮೇತ ಅವಳು ಓಡಿಬಂದಾಗ ಡಾಕ್ಟರಮ್ಮ ಆಸ್ಪತ್ರೆಯ ಬಾಗಿಲು ಹಾಕುವುದರಲ್ಲಿದ್ದರು.

"ಏನು ತಿಂತು?"

"ಬಸವನಹುಳ ಡಾಕ್ಟ್ರೇ. ಏಳು."

"ಏಳು ತಿಂತಾ?"

"ಅಲ್ಲ, ಒಂದೇ. ಏಳನೇದು."

ಡಾಕ್ಟರಮ್ಮ ಪಕ್ಕದಲ್ಲಿದ್ದ ಅವಳ ಗಂಡನ ಮುಖ ನೋಡಿದರು. "ನಂಬರ್ ಹಾಕಿದಾಳೆ" ಎಂದು ಅವನು ತಗ್ಗಿದ ದನಿಯಲ್ಲಿ ಹೇಳಿದ, ಮನೆಯ ಗುಟ್ಟು ಬಿಟ್ಟುಕೊಡುವವನಂತೆ.

ವಾಂತಿ ಮಾಡಿಸುವ ಇಂಜೆಕ್ಷನ್ ಆಯಿತು. ಹತ್ತು ನಿಮಿಷಕ್ಕೆ ಡುಮ್ಮ ಟ್ರೇ ತುಂಬ ಕಕ್ಕಿದ. ಡಾಕ್ಟರಮ್ಮ ಚಿಮಟ ಹಿಡಿದು ಒಂದೊಂದೇ ಚೂರು ಎತ್ತಿ ದೀಪಕ್ಕೆ ಹಿಡಿದರು.

"ಇದರಲ್ಲಿ ಹುಳ ಇಲ್ಲಮ್ಮ. ಬರೀ ಮೊಟ್ಟೆ ಸಿಪ್ಪೆ. ಇಷ್ಟೊಂದು ಎಲ್ಲಿ ಸಿಕ್ತು ಇದಕ್ಕೆ?"

ಗಂಡ ಛಾವಣಿಯ ಫ್ಯಾನ್ ನೋಡತೊಡಗಿದ. "ಕೋಟೆ" ಎಂದ.

ಅವಳು ಕುರ್ಚಿಯ ಮೇಲೆ ಕುಸಿದು ಡುಮ್ಮನನ್ನು ಎದೆಗೊತ್ತಿಕೊಂಡಳು. ವಾಂತಿಯ ವಾಸನೆಯ ಆ ಮೂತಿಯಷ್ಟು ಚೆಂದದ್ದು ಲೋಕದಲ್ಲಿ ಬೇರೊಂದಿಲ್ಲ ಎನಿಸಿತು. ಆದರೆ ಲೆಕ್ಕ ತಪ್ಪಿದರೆ ಅವಳಿಗೆ ಸಮಾಧಾನವಿಲ್ಲ.

"ಹಾಗಾದ್ರೆ ಏಳು ಎಲ್ಲಿ ಹೋಯ್ತು?"

"ಹುಳ ಮನೇಲಿ ಎಷ್ಟು ದಿನದಿಂದ ಕಾಣಿಸ್ತಿವೆ, ಅದು ಹೇಳಿ" ಎಂದರು ಡಾಕ್ಟರಮ್ಮ.

ಎಲ್ಲ ಬರೆದಿಟ್ಟಿದ್ದೇನೆ ಎಂಬ ಹೆಮ್ಮೆಯಿಂದ ಅವಳು ಚೀಲಕ್ಕೆ ಕೈಹಾಕಿ ದಿನಚರಿಯನ್ನು ಮೇಜಿನ ಮೇಲಿಟ್ಟಳು. ರಟ್ಟಿನ ನಡುವೆ, ಕೆಂಪು ಏಳನ್ನು ಬೆನ್ನ ಮೇಲೆ ಹೊತ್ತು, ಕೊಂಬು ಚಾಚಿಕೊಂಡು ಅತಿಥಿ ಕೂತಿತ್ತು. ಮೈದಾ ಅಂಟಿನ ರುಚಿ ಹತ್ತಿರಬೇಕು. ಚೀಟಿಯ ಬಲಭಾಗವೆಲ್ಲ ಹೊಟ್ಟೆಗೆ ಹೋಗಿ, "ಈ ಹಿತ್ತಲಿನಲ್ಲಿ ಬಸವನಹುಳ" ಎಂಬಷ್ಟು ಮಾತ್ರ ಉಳಿದಿತ್ತು.

ಡುಮ್ಮ ಅವಳ ತೋಳಿನಿಂದಲೇ ನಾಲಿಗೆ ಚಾಚಿ ಮುಂದಕ್ಕೆ ಹಾರಿದ. ಮೂವರು ದೊಡ್ಡವರೂ ಒಟ್ಟಿಗೆ ಕೂಗಿದರು. ಗಂಡ ನಾಯಿಯನ್ನು ಹಿಡಿದ, ಡಾಕ್ಟರಮ್ಮ ಕೈಗವಸಿನ ಕೈಯಲ್ಲಿ ಹುಳವನ್ನು ಎತ್ತಿದರು.

"ಇರಕೂಡದು ಅಂತ ಬರ್ದಿದ್ಲು" ಎಂದ ಗಂಡ.

"ನಿಮ್ಮ ನಾಯಿ ಹುಳ ತಿಂದಿಲ್ಲ. ಹುಳ ನಿಮ್ಮ ಶಪಥ ತಿಂದಿದೆ" ಎಂದರು ಡಾಕ್ಟರಮ್ಮ. "ನೋಡಿ, ಕೋಟೆ ಬೇಡ, ನಂಬರೂ ಬೇಡ. ಸಂಜೆಯಾದ್ಮೇಲೆ ನೀರಿನ ಬಟ್ಟಲು, ಆಟದ ಸಾಮಾನು ಒಳಗಿಡಿ. ಮಳೆ ಬಂದಾಗ ಹಗ್ಗ ಹಾಕಿಯೇ ಹೊರಗೆ ಬಿಡಿ. ತಿಂಗಳಿಗೊಂದು ಔಷಧಿ ಬರ್ಕೊಡ್ತೀನಿ, ಅದನ್ನ ತಪ್ಪಿಸ್ಬೇಡಿ. ಅಷ್ಟು ಸಾಕು."

ಮನೆಗೆ ಬಂದು, ಏಳನ್ನು ಗೋಡೆಯಾಚೆ ಬಿಟ್ಟು, ಕೈ ತೊಳೆದು, ರಟ್ಟು ಒರೆಸಿ, ಅವಳು ಡಾಕ್ಟರಮ್ಮನ ಮಾತುಗಳನ್ನು ಹೊಸ ಚೀಟಿಯ ಮೇಲೆ ಬರೆದಳು. ಈ ಸಲ ಕೆಂಪು ಶಾಯಿ ಬಳಸಲಿಲ್ಲ. ಡುಮ್ಮ ಅವಳ ಪಾದದ ಮೇಲೆ ಗಲ್ಲವಿಟ್ಟು ಆಗಲೇ ಗೊರಕೆ ಶುರುಮಾಡಿದ್ದ. ಅಂಟಿನ ಬಟ್ಟಲಿಗೆ ಬೆರಳು ಅದ್ದುವಾಗ ಪುಟ್ಟಿ ಪಕ್ಕಕ್ಕೆ ಬಂದು ಒರಗಿಕೊಂಡಳು.

"ಸ್ವಲ್ಪ ಜಾಸ್ತಿ ಹಚ್ಚಮ್ಮ. ಏಳು ಅರ್ಧ ಊಟದಲ್ಲಿ ಎದ್ದಿದೆ."