ಒಂದು ಗೀರೂ ಇಲ್ಲದ ಕೋವಿ

ಹಳೆಯ ಸಾಮಾನು ಕಂಡರೆ ಸರಿಮಾಡದೆ ಬಿಡಲಾಗದ ಚಟ ನನಗಿದೆ. ಸುಮ್ಮನೆ ಬಿಟ್ಟರೆ ಇನ್ನೂ ನಾಲ್ಕು ವರ್ಷ ಬಾಳುವುದನ್ನು ಬಿಚ್ಚಿ, ತಿಕ್ಕಿ, ಎಣ್ಣೆ ಕುಡಿಸಿ ನಾಲ್ಕೇ ದಿನದಲ್ಲಿ ಅಟ್ಟ ಸೇರಿಸಿದ ಖ್ಯಾತಿ ನನ್ನದು. ಮಾವನವರ ರೇಡಿಯೋ ಗೊರಗೊರ ಎನ್ನುತ್ತಲಾದರೂ ಧಾರವಾಡ ಹಿಡಿಯುತ್ತಿತ್ತು. ನಾನು ಕೈಯಾಡಿಸಿದ ಮೇಲೆ ಗೊರಗೊರ ಮಾತ್ರ ಉಳಿಯಿತು. ಮನೆಯಲ್ಲಿ ಏನಾದರೂ ಕೆಟ್ಟರೆ ನನ್ನ ಹೆಂಡತಿ ಸಾವಿತ್ರಿ ಮೊದಲು ಅದನ್ನು ನನ್ನ ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತಾಳೆ, ಆಮೇಲೆ ರಿಪೇರಿಯವನಿಗೆ ಫೋನು ಮಾಡುತ್ತಾಳೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನಿಗೆ ಸುಮ್ಮನೆ ಕೂರಲು ಬರುವುದಿಲ್ಲ ಎಂದು ನಾನು ವಾದಿಸುತ್ತೇನೆ. ಕೂರಲು ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಇಸಳೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಒಂದಿಷ್ಟು ಬಾಳೆಯಿದೆ. ಬಾಳೆ ನಮ್ಮದು, ಗೊನೆ ಮಂಗಗಳದ್ದು. ತಂದೆಯ ಕಾಲದ ಬೆಳೆ ರಕ್ಷಣೆಯ ಕೋವಿ ಲೈಸೆನ್ಸು ನನ್ನ ಹೆಸರಿಗೆ ಬಂದಿತ್ತು, ಕೋವಿ ಮಾತ್ರ ತುಕ್ಕು ತಿಂದು ಹೋಗಿತ್ತು. ಆಗ ತ್ಯಾಗಲಿಯ ಸುಬ್ಬಣ್ಣ ತನ್ನ ಕೋವಿ ಕೊಡುತ್ತಾನಂತೆ ಎಂಬ ಸುದ್ದಿ ಬಂತು. ಸುಬ್ಬಣ್ಣ ಸಾವಿತ್ರಿಯ ಚಿಕ್ಕಪ್ಪನ ಮಗ. ಕಣ್ಣು ಪೂರ್ತಿ ಮಂಜಾಗಿ, ಎದುರಿಗಿರುವುದು ಮಂಗವೋ ಮನುಷ್ಯನೋ ತಿಳಿಯದ ಹಾಗಾಗಿದ್ದರಿಂದ ಲೈಸೆನ್ಸು ಬಿಟ್ಟುಕೊಡುವವನಿದ್ದ. ಸಿದ್ದಾಪುರದವರೊಬ್ಬರು ಹೆಚ್ಚು ಕೊಡಲು ತಯಾರಿದ್ದರಂತೆ. ನಿಮ್ಮಲ್ಲಿದ್ದರೆ ಬೇಕೆಂದಾಗ ಬಂದು ಮುಟ್ಟಿ ಹೋಗಬಹುದು ಎಂದು ಅವನು ನನಗೇ ಕೊಟ್ಟ. ಇದು ನನ್ನ ಚೌಕಾಸಿಯ ಜಾಣತನ ಎಂದುಕೊಂಡೆ.

ಅದು ಬ್ರಿಟಿಷರ ಕಾಲದಲ್ಲಿ ಸೈನ್ಯಕ್ಕೆಂದು ಮಾಡಿದ ರೈಫಲ್ಲು. ಆಮೇಲೆ ಯಾರೋ ಅದರ ನಳಿಗೆಯ ಒಳಗಿನ ಸುರುಳಿ ಗೀರುಗಳನ್ನೆಲ್ಲ ಕೊರೆದು ನುಣುಪು ಮಾಡಿ, ಗುಂಡಿನ ಬದಲು ಚರೆ ಹಾರಿಸುವ ಕೋವಿಯನ್ನಾಗಿಸಿದ್ದರು. ಅಂದರೆ ನನಗಿಂತ ಮೊದಲೇ ಒಬ್ಬ ಅದನ್ನು ಸುಧಾರಿಸಿದ್ದ. ಕಾಗದಪತ್ರಕ್ಕಾಗಿ ಕಾರವಾರಕ್ಕೆ ಅಲೆದು, ಕೊನೆಗೆ ಕೋವಿ ಮನೆಗೆ ಬಂದಾಗ ನೋಡುತ್ತೇನೆ, ಮರದ ಹಿಡಿಗೆ ಪೂರಾ ಗೇಟಿಗೆ ಹೊಡೆಯುವ ಹಸಿರು ಪೇಂಟು! ಸುಬ್ಬಣ್ಣನ ರುಚಿಯ ಬಗ್ಗೆ ಎರಡು ದಿನ ಊಟಕ್ಕೆ ಕೂತಾಗಲೆಲ್ಲ ಮಾತಾಡಿದೆ.

ಕಬ್ಬಿಣದ ಭಾಗವನ್ನು ಯಲ್ಲಾಪುರದ ಹಸನ್ ಸಾಬರು ಸರಿಮಾಡಿಕೊಟ್ಟರು. ಕೋವಿ ರಿಪೇರಿಯಲ್ಲಿ ತಲೆ ಹಣ್ಣಾದವರು. ಮರಕ್ಕೆ ಮಾತ್ರ ಕೈ ಹಚ್ಚಬೇಡಿ, ಒಂದಿಷ್ಟು ಅಗಸೆ ಎಣ್ಣೆ ಒರೆಸಿ ಬಿಡಿ ಎಂದರು. ಹೊರಡುವಾಗ ಇದಕ್ಕೆ ತುಂಬುವ ತೋಟಾ ಎಲ್ಲಿ ಸಿಗುತ್ತದೆ ಎಂದು ಕೇಳಿದೆ. ಈ ಅಳತೆಯದು ಬರುವುದು ನಿಂತು ವರ್ಷಗಳಾದವು ಎಂದರು. ಮೊದಲೇ ಯಾಕೆ ಹೇಳಲಿಲ್ಲ ಎಂದಿದ್ದಕ್ಕೆ, "ನೀವು ಕೋವಿ ರಿಪೇರಿ ಕೇಳಿದ್ರಿ ಮಾಸ್ತರ್ರೆ, ತೋಟಾ ಕೇಳಿಲ್ಲ" ಎಂದರು. ಹೀಗೆ ಹಾರದ ಕೋವಿಯೊಂದು ನನ್ನದಾಯಿತು. ಮಂಗಗಳಿಗೆ ಇದು ಹೇಗೋ ತಿಳಿದಿರಬೇಕು, ನಾನು ಅದನ್ನು ಹಿಡಿದು ಹಿತ್ತಿಲಿಗೆ ಹೋದರೆ ಸುಲಿಯುವುದನ್ನೂ ನಿಲ್ಲಿಸುತ್ತಿರಲಿಲ್ಲ.

ಹಾರದಿದ್ದರೆ ಚಂದವಾದರೂ ಕಾಣಲಿ ಎಂದು ಹಟ ಹಿಡಿದು ಮರಕ್ಕೆ ಕೈ ಹಚ್ಚಿದೆ. ಪೇಂಟು ಕೆರೆದಂತೆ ಒಳಗಿನಿಂದ ಜೇನಿನ ಬಣ್ಣದ ಮರ ಎದ್ದು ಬಂತು. ಒಂದು ಕಡೆ ಯಾರೋ ಮೊಳೆಯಿಂದ ಅಕ್ಷರ ಗೀಚಿದ್ದರು: ಭಾಗಿರತಿ. ಒಂದೇ ಹೆಸರಿನಲ್ಲಿ ಎರಡು ತಪ್ಪು! ದೀರ್ಘವಿಲ್ಲ, ಮಹಾಪ್ರಾಣವಿಲ್ಲ. ಸಾವಿತ್ರಿಯನ್ನು ಕರೆದು ತೋರಿಸಿ ನಕ್ಕೆ. ಅವಳು ನಗಲಿಲ್ಲ, ಯಾರದೋ ಏನೋ, ಇರಲಿ ಬಿಡಿ ಎಂದಳು. ತಪ್ಪನ್ನು ಹಾಗೇ ಬಿಟ್ಟು ನನಗೆ ರೂಢಿಯಿಲ್ಲ. ದಪ್ಪ ಪಾಲಿಶ್ ಪೇಪರು, ಸಣ್ಣದು, ಅದಕ್ಕಿಂತ ಸಣ್ಣದು ಎಂದು ಒಂದು ವಾರ ತಿಕ್ಕಿದೆ. ಕೊನೆಗೆ ಕೈಯಾಡಿಸಿದರೆ ಮಗುವಿನ ಕೆನ್ನೆಯ ಹಾಗಿತ್ತು.

ಸುಬ್ಬಣ್ಣ ಬಂದದ್ದು ಆಮೇಲೆ. ಮಗನ ಬೈಕಿನ ಹಿಂದೆ ಕೂತು ಬಂದಿದ್ದ. ಆಸರಿಗೆ ಕುಡಿದು ಲೋಟ ಕೆಳಗಿಟ್ಟ ಕೂಡಲೇ ಕೋವಿ ಕೇಳಿದ. ಮಡಿಲಲ್ಲಿ ಇಟ್ಟೆ. ಕಣ್ಣು ಕಾಣದವನಿಗೆ ಬಣ್ಣ ವರ್ಣಿಸಬೇಕಲ್ಲ, ವರ್ಣಿಸಿದೆ. ಅವನ ಹೆಬ್ಬೆರಳು ಹಿಡಿಯ ಮೇಲೆ ಒಂದೇ ಜಾಗದಲ್ಲಿ ಹಿಂದೆ ಮುಂದೆ ಓಡಾಡುತ್ತಿತ್ತು. ನುಣುಪನ್ನು ಮೆಚ್ಚುತ್ತಿದ್ದಾನೆ ಎಂದುಕೊಂಡು ನಾನೇ ಹೇಳಿದೆ: ಅಲ್ಲಿ ಯಾವುದೋ ಹೆಸರಿತ್ತು ಮಾರಾಯ, ಎರಡೆರಡು ತಪ್ಪು, ಒಂದು ಗೀರೂ ಉಳಿಯದಂತೆ ತೆಗೆದೆ.

ಬೆರಳು ನಿಂತಿತು.

"ಅದು ಅಕ್ಕಯ್ಯ ಬರೆದದ್ದು, ಭಾವ" ಎಂದ. "ಅಕ್ಕಯ್ಯ ಶಾಲಿಗೆ ಹೋಯ್ದಿಲ್ಲೆ. ಆನು ಎರಡನೇತ್ತಿ ಇಪ್ಪಕಿರೆ ಅಕ್ಷರ ಕಲಿಸಿದ್ದಿ. ತಪ್ಪು ಯಂದು."

ಎರಡನೇ ತರಗತಿಯ ಹುಡುಗ ಅಕ್ಕನಿಗೆ ಕಲಿಸಿದ ಅಕ್ಷರ, ತಪ್ಪು ಅವಳದಲ್ಲ, ಕಲಿಸಿದವನದು. ಉಳಿದದ್ದನ್ನು ನಿಧಾನಕ್ಕೆ ಹೇಳಿದ. ತನ್ನದೇ ಹೆಸರು ಗೀಚಿದ ಆ ಅಕ್ಕ, ಸಾವಿತ್ರಿ ಹುಟ್ಟುವ ಮೊದಲೇ, ಹದಿನಾರಕ್ಕೇ ಜ್ವರದಲ್ಲಿ ಹೋಗಿದ್ದಳಂತೆ; ಆಮೇಲೆ ಮನೆಯಲ್ಲಿ ಯಾರೂ ಅವಳ ಹೆಸರೆತ್ತಲಿಲ್ಲವಂತೆ. ಫೋಟೋ ಇಲ್ಲ. ಅವಳು ಬರೆದದ್ದೆಂದು ಮನೆಯಲ್ಲಿ ಉಳಿದದ್ದು ಅದೊಂದೇ. ನೋಡಲು ಸಂಕಟ, ಕೆರೆಯಲು ಮನಸ್ಸಿಲ್ಲ ಎಂದು ಅಪ್ಪ ಮೇಲೆ ಪೇಂಟು ಹೊಡೆದಿದ್ದ. ಪೇಂಟಿನ ಕೆಳಗೂ ಅಕ್ಷರ ಬೆರಳಿಗೆ ಸಿಗುತ್ತಿತ್ತು. ಸಾವಿತ್ರಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳು ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಸುಬ್ಬಣ್ಣ ಕೋವಿಯನ್ನು ನನ್ನ ಕೈಗೆ ಕೊಟ್ಟು, "ಚೊಲೋ ಆಜು" ಎಂದ. ಊಟಕ್ಕೆ ನಿಲ್ಲಲಿಲ್ಲ. ಆಮೇಲೆ ಬರಲೂ ಇಲ್ಲ.

ಅವನು ಹೋದ ಮೇಲೆ ಅದೇ ಜಾಗದಲ್ಲಿ ಮತ್ತೆ ಬರೆಯೋಣ ಎಂದು ಮೊಳೆ ಹಿಡಿದು ಕೂತೆ. ಮೊದಲು ಕಾಗದದ ಮೇಲೆ ಬರೆದು ನೋಡಿದೆ. ಕೈ ತಾನಾಗಿ ದೀರ್ಘ ಕೊಟ್ಟಿತು, ಮಹಾಪ್ರಾಣ ಕೊಟ್ಟಿತು. ಬಿಗಿಹಿಡಿದು ತಪ್ಪು ಬರೆದರೆ, ಕರಿಹಲಗೆಯ ಮೇಲೆ ಮಾಸ್ತರು ಬೇಕೆಂದೇ ಬರೆದ ದುಂಡಗಿನ ತಪ್ಪು. ಮೊಳೆಯನ್ನು ಡಬ್ಬಿಗೆ ಹಾಕಿದೆ.

ಮೊನ್ನೆ ಚುನಾವಣೆ ಬಂತು. ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಯಲ್ಲಿ ಜಮಾ ಮಾಡಬೇಕು. ಹಾವೇರಿ ಕಡೆಯ ಪೊಲೀಸರೊಬ್ಬರು ರಸೀದಿ ಬರೆಯುತ್ತಿದ್ದರು. "ಕಟಗಿ ಮ್ಯಾಲೆ ಗುರುತು ಏನರ ಐತೇನ್ರಿ ಸರ?"

"ಇತ್ತು."

"ಇತ್ತು ಅಂತ ಬರಿಯಾಕ ಬರೂದಿಲ್ರಿ. ಐತೋ ಇಲ್ಲೋ ಹೇಳ್ರಿ."

ಇಲ್ಲ ಎಂದೆ. ಅವರು ಬರೆದುಕೊಂಡು, ಕೋವಿಯನ್ನು ತಿರುಗಿಸಿ ನೋಡಿ, ಇಷ್ಟು ಚೊಕ್ಕವಾಗಿ ಇಟ್ಟುಕೊಂಡವರನ್ನು ಈ ತಾಲೂಕಿನಲ್ಲಿ ಕಂಡಿಲ್ಲ ಎಂದು ಹೊಗಳಿದರು. ನನ್ನ ಹಿಂದೆ ನಿಂತಿದ್ದ ವಾನಳ್ಳಿಯ ಹಿರಿಯರೊಬ್ಬರು ತಮ್ಮ ಕೋವಿಯನ್ನು ಮುಂದೆ ಹಿಡಿದು, ಇದನ್ನೂ ಹೀಗೇ ಮಾಡಿಕೊಡಬಹುದೇ ಎಂದು ಕೇಳಿದರು. ಆಗುವುದಿಲ್ಲ ಎಂದು ಬಾಯಿ ಹೇಳಿತು. ಕೈ ಮಾತ್ರ ಆಗಲೇ ಅವರ ಕೋವಿಯ ಮರವನ್ನು ಸವರುತ್ತ, ಎಲ್ಲಿಂದ ತಿಕ್ಕಲು ಶುರು ಮಾಡಬೇಕೆಂದು ನೋಡುತ್ತಿತ್ತು.